ಬರೋಡಾದಲ್ಲಿ ಮುಟ್ಟದ ಸರಪಳಿ

ಬರೋಡಾದ ಹೊರಗೆ, ಹೆದ್ದಾರಿ ಪಕ್ಕದ ಒಂದು ಹೋಟೆಲಿನ ಎದುರು ನಮ್ಮ ಟ್ರೇಲರ್ ನಿಂತಿದ್ದಾಗ ನಾನು ಸರಪಳಿಗಳನ್ನು ನೋಡಬೇಕಿತ್ತು. ನೋಡಲಿಲ್ಲ. ತಮ್ಮ ಕೇಳಿದಾಗ ನೋಡಿದೆ ಎಂದೆ. ಅವನ ಬಲಗಾಲು ಮೊಣಕಾಲಿನಿಂದ ಕೆಳಗೆ ಇಲ್ಲದಿರುವುದಕ್ಕೆ ಕಾರಣ ಇಷ್ಟೇ. ಇದನ್ನು ಚಂದ ಮಾಡಿ ಹೇಳುವಷ್ಟು ಓದು ನನಗಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದಿಂದ ಅಹಮದಾಬಾದಿಗೆ ಬಂದವನು ನಾನು.

ಅಲ್ಲಿನ ನವರಂಗಪುರದಲ್ಲಿ, ಕಾಲೇಜುಗಳ ನಡುವೆ, ನಮ್ಮ ಕಡೆಯವರೊಬ್ಬರ ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತು ಅರ್ಧ ಆಯುಷ್ಯ ಕಳೆದೆ. ಮೊದಲು ಲೋಟ ತೊಳೆಯುವುದು, ಆಮೇಲೆ ರುಬ್ಬುವುದು, ಕೊನೆಗೆ ಕಾವಲಿ. ಕಾವಲಿಗೆ ಬಂದ ಮೇಲೆ ಮನುಷ್ಯನಿಗೆ ಒಂದು ಬೆಲೆ ಬರುತ್ತದೆ. ಮಾಲೀಕರು ತಾವೇ ಒಳಗೆ ಬಂದು ಇವತ್ತು ಹಿಟ್ಟು ಹೇಗಿದೆ ಎಂದು ವಿಚಾರಿಸುತ್ತಿದ್ದರು. ಕಾಲೇಜಿನ ಹುಡುಗರು ಗಾಜಿನ ಆಚೆ ನಿಂತು ನಾನು ಹಿಟ್ಟು ತಿರುಗಿಸುವುದನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ತಮ್ಮನನ್ನು ಊರಿನಿಂದ ಕರೆಸಿದವನೂ ನಾನೇ. ಅವನಿಗೆ ಅಡುಗೆಮನೆಯ ಹೊಗೆ ಹಿಡಿಸಲಿಲ್ಲ. ತರಕಾರಿ ತರುವ ಟೆಂಪೋದವನ ಬೆನ್ನು ಹತ್ತಿ ಗಾಡಿ ಕಲಿತ. ಟೆಂಪೋದಿಂದ ಲಾರಿ, ಲಾರಿಯಿಂದ ಟ್ರೇಲರ್. ಸೂರತ್‌ನ ಸಮುದ್ರದ ಕಡೆಯ ಒಂದು ಯಾರ್ಡಿನಿಂದ ಉಕ್ಕಿನ ಕಾಯಿಲ್‌ಗಳನ್ನು ಹೇರಿಕೊಂಡು ಅಹಮದಾಬಾದಿಗೆ ತಂದು ಇಳಿಸುವುದು ಅವನ ಕೆಲಸವಾಯಿತು. ಸೂರತ್‌ನ ಉಧ್ನಾದಲ್ಲಿ ಮನೆ ಮಾಡಿದ, ಮದುವೆಯಾದ, ಒಬ್ಬಳು ಮಗಳಾದಳು.

ಕೊರೋನಾ ಕಾಲದಲ್ಲಿ ನಮ್ಮ ಹೋಟೆಲಿನ ಬಾಗಿಲು ಹಾಕಿದವರು ಮತ್ತೆ ತೆರೆಯಲಿಲ್ಲ. ನಾನು ಮದುವೆಯಾಗದವನು, ಒಂಟಿ ಕೋಣೆಯಲ್ಲಿ ಕೂತಿದ್ದೆ. ತಮ್ಮ ಫೋನು ಮಾಡಿದ.

“ಅಲ್ಲಿ ಒಬ್ನೇ ಕೂತ್ಕಂಡ್ ಎಂತ ಮಾಡ್ತೆ ಅಣ್ಣ? ಇಲ್ಲಿ ಬಾ. ಗಾಡಿಯಗೆ ನಂಗೊಂದ್ ಜನ ಬೇಕ್.”

ಜನ ಎಂದನೇ ಹೊರತು ಕ್ಲೀನರ್ ಎನ್ನಲಿಲ್ಲ. ಅಷ್ಟು ಸೂಕ್ಷ್ಮ ಅವನಿಗಿತ್ತು. ಯಾರ್ಡಿನ ಡ್ರೈವರುಗಳಿಗೆ ಇರಲಿಲ್ಲ. ಅವರು ತಮ್ಮನನ್ನು ಉಸ್ತಾದ್ ಎಂದು ಕರೆಯುವವರು. ತಲೆ ನರೆತ ಅಣ್ಣ ಕ್ಲೀನರ್, ಮೀಸೆ ಕಪ್ಪಗಿರುವ ತಮ್ಮ ಉಸ್ತಾದ್, ಹಾಗಾದರೆ ದೀಪಾವಳಿಗೆ ಇವರ ಮನೆಯಲ್ಲಿ ಯಾರ ಕಾಲಿಗೆ ಯಾರು ಬೀಳುತ್ತಾರೆ ಎಂದು ಹಿಂದಿಯಲ್ಲಿ ತಮಾಷೆ ಮಾಡುತ್ತಿದ್ದರು. ತಮ್ಮ ನಕ್ಕು, ನನಗೆ ಗುಜರಾತಿನ ದಾರಿ ತೋರಿಸಿದವನೇ ಇವನು ಎನ್ನುತ್ತಿದ್ದ. ನಾನು ನಗುತ್ತಿರಲಿಲ್ಲ.

ಕಾಯಿಲ್ ನೋಡದವರಿಗೆ ಅದೇನೆಂದು ಹೇಳಬೇಕು. ಉಕ್ಕಿನ ತಗಡನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಸುತ್ತಿ ಮನುಷ್ಯನ ಎದೆಮಟ್ಟದ ಉರುಳೆ ಮಾಡಿರುತ್ತಾರೆ. ನಡುವೆ ದೊಡ್ಡ ತೂತು. ಕ್ರೇನು ಅದನ್ನು ತಂದು ಟ್ರೇಲರಿನ ಬಯಲು ಹಲಗೆಯ ಮೇಲೆ ಇಳಿಸುವಾಗ ಗಾಡಿ ಇಡೀ ಒಮ್ಮೆ ಕುಸಿದು ನರಳುತ್ತದೆ. ಕೂತ ಮೇಲೆ ಅದರಷ್ಟು ಸಾಧು ವಸ್ತು ಇನ್ನೊಂದಿಲ್ಲ ಎಂದು ಕಾಣುತ್ತದೆ. ಆದರೆ ಗುಂಡಗಿರುವ ವಸ್ತು, ಬ್ರೇಕು ಹಾಕಿದಾಗಲೆಲ್ಲ ಮುಂದಕ್ಕೆ ಉರುಳಲು ನೋಡುತ್ತದೆ. ಮುಂದೆ ಡ್ರೈವರನ ತಲೆ ಇರುತ್ತದೆ. ಅದಕ್ಕಾಗಿ ಕೆಳಗೆ ಅಡ್ಡಲಾಗಿ ದಪ್ಪ ಮರದ ತುಂಡುಗಳು, ಅವುಗಳ ಸಂದಿಗೆ ಹಿಂದೆಯೂ ಮುಂದೆಯೂ ಹೊಡೆದು ಕೂರಿಸಿದ ಬೆಣೆ. ಆಮೇಲೆ ತೂತಿನೊಳಗೆ ಸರಪಳಿ ತೂರಿಸಿ, ಎರಡನ್ನು ಮುಂದಕ್ಕೂ ಎರಡನ್ನು ಹಿಂದಕ್ಕೂ ಎಳೆದು, ಕೊಕ್ಕೆ ಹಾಕಿ, ಲಿವರಿನಿಂದ ಬಿಗಿಯಬೇಕು. ತಗಡಿನ ಅಂಚು ಕತ್ತಿಯಂತೆ ಇರುವುದರಿಂದ ಸರಪಳಿ ತಾಗುವಲ್ಲಿ ಹಳೆ ಟೈರಿನ ತುಂಡು ಕೊಡಬೇಕು. ಇದೆಲ್ಲ ತಮ್ಮನ ಕೈಯಲ್ಲಿ ನೋಡುವ ಹಾಗಿರುತ್ತಿತ್ತು. ನಾನು ಹಿಟ್ಟನ್ನು ಕಾವಲಿಯ ಮೇಲೆ ಎಳೆಯುವಾಗ ಎಲ್ಲಿ ನಿಲ್ಲಿಸಬೇಕೆಂದು ಕೈಗೇ ಗೊತ್ತಾಗುವಂತೆ ಅವನಿಗೆ ಲಿವರನ್ನು ಎಲ್ಲಿಗೆ ಬಿಡಬೇಕೆಂದು ಗೊತ್ತಾಗುತ್ತಿತ್ತು.

ಎಷ್ಟೇ ಬಿಗಿದರೂ ರಸ್ತೆಗೆ ಬಿದ್ದ ಮೇಲೆ ಅದು ಸಡಿಲವಾಗುತ್ತದೆ. ಮರ ಒತ್ತಿಕೊಂಡು ಕೂರುತ್ತದೆ, ಟೈರಿನ ತುಂಡು ಚಪ್ಪಟೆಯಾಗುತ್ತದೆ. ಹಾಗಾಗಿ ಗಾಡಿ ನಿಂತಲ್ಲೆಲ್ಲ ಕ್ಲೀನರ್ ಇಳಿದು, ಕಬ್ಬಿಣದ ಸರಳಿನಿಂದ ಪ್ರತಿಯೊಂದು ಸರಪಳಿಗೂ ಬಡಿದು ಕೇಳಬೇಕು. ಬಿಗಿಯಾಗಿದ್ದರೆ ತೆಳ್ಳಗೆ ಗುಂಯ್ ಎನ್ನುತ್ತದೆ, ಸಡಿಲಾಗಿದ್ದರೆ ಸತ್ತ ಸದ್ದು. ಸಡಿಲಾಗಿದ್ದನ್ನು ಬಿಗಿದು, ಬೆಣೆಗೆ ಸುತ್ತಿಗೆಯ ಏಟು ಕೊಟ್ಟು ಬರಬೇಕು. ಹೊರಡುವ ಮುಂಚೆ ಉಸ್ತಾದ್ ತಾನೂ ಒಂದು ಸುತ್ತು ಬಡಿದು ನೋಡುತ್ತಾನೆ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ನೋಡಲೇಬೇಕೆಂಬುದು ಎಲ್ಲ ಟ್ರೇಲರುಗಳ ರೂಢಿ. ಅದರಲ್ಲಿ ಯಾರಿಗೂ ಅವಮಾನವಿಲ್ಲ.

ನಮ್ಮ ಗಾಡಿಯಲ್ಲಿ ಮಾತ್ರ ಆ ರೂಢಿ ನಿಂತುಹೋಯಿತು. ನಿಲ್ಲಿಸಿದವನು ನಾನು. ಸೇರಿದ ಹೊಸತರಲ್ಲಿ ಅಂಕಲೇಶ್ವರದ ಹತ್ತಿರ ನಾನು ಎಲ್ಲ ನೋಡಿ ಇಳಿದ ಮೇಲೆ ಅವನು ನನ್ನ ಹಿಂದೆಯೇ ಸರಳು ಹಿಡಿದು ಹೋಗಿ ಮತ್ತೆ ಬಡಿದ. ಬೇರೆ ಡ್ರೈವರುಗಳು ನೋಡುತ್ತಿದ್ದರು. ನಾನು ಕ್ಯಾಬಿನ್ನಿನಲ್ಲಿ ಕೂತು ಅಹಮದಾಬಾದ್ ಮುಟ್ಟುವವರೆಗೆ ಅವನ ಜೊತೆ ಮಾತಾಡಲಿಲ್ಲ. ಅವನು ಚಹಾ ತಂದುಕೊಟ್ಟರೆ ಕುಡಿಯಲಿಲ್ಲ. ಕಾಯಿಲ್ ಇಳಿಸಿ ಆದ ಮೇಲೆ, ನಿನ್ನನ್ನು ಎತ್ತಿ ಆಡಿಸಿದವನ ಕೆಲಸವನ್ನು ನೀನು ಪರೀಕ್ಷೆ ಮಾಡುವುದಾದರೆ ನಾಳೆಯೇ ನಾನು ಇಳಿದು ಹೋಗುತ್ತೇನೆ ಎಂದೆ. ಅಂದಿನಿಂದ ಅವನು ನಾನು ನೋಡಿದ್ದನ್ನು ಮತ್ತೆ ನೋಡಲಿಲ್ಲ. ಹೊರಡುವ ಮುಂಚೆ ಒಂದು ಮಾತು ಕೇಳುತ್ತಿದ್ದ, ಅಷ್ಟೆ. ನಾನು ಹೌದೆಂದರೆ ಗಾಡಿ ಹೊರಡುತ್ತಿತ್ತು.

ಆ ದಿನ ಬೆಳಿಗ್ಗೆ ಸೂರತ್‌ನಲ್ಲಿ ಹೇರಿಕೊಂಡೆವು. ಎಲ್ಲ ಎಂದಿನಂತೆ. ದಾರಿಯಲ್ಲಿ ಮೊದಲು ನಿಂತಾಗ ನಾನು ಇಳಿದು ನೋಡಿದೆ, ಮುಂದಿನ ಒಂದು ಸರಪಳಿ ಸ್ವಲ್ಪ ಸಡಿಲಾಗಿತ್ತು, ಬಿಗಿದೆ. ಮಧ್ಯಾಹ್ನದ ಹೊತ್ತಿಗೆ ಬರೋಡಾ. ಅಲ್ಲಿ ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಒಂದು ಉಡುಪಿ ಹೋಟೆಲು ಆಗಿತ್ತು. ತಮ್ಮ ಸ್ನಾನಕ್ಕೆಂದು ಹಿಂದಿನ ನಲ್ಲಿಯ ಹತ್ತಿರ ಹೋದ. ನಾನು ನೀರು ಕುಡಿಯಲು ಒಳಗೆ ಹೋದೆ. ಕಾವಲಿಯ ಮುಂದೆ ನಿಂತಿದ್ದವನು ಬೈಂದೂರು ಕಡೆಯವನು. ನನ್ನ ಮುಖ ನೋಡಿದವನೇ ನಮ್ಮ ಭಾಷೆಯಲ್ಲಿ, ನೀವು ನವರಂಗಪುರದಲ್ಲಿ ಇದ್ದವರಲ್ಲವಾ ಎಂದು ಕೇಳಿದ. ಅವನು ಹೊಸದಾಗಿ ಅಹಮದಾಬಾದಿಗೆ ಬಂದಿದ್ದಾಗ ನಮ್ಮ ಹೋಟೆಲಿಗೆ ಬಂದು ನನ್ನ ಕೈ ನೋಡಿ ಕಲಿತಿದ್ದನಂತೆ. ಪಾತ್ರೆ ತೊಳೆಯುವವರನ್ನು ಕರೆದು, ಇವರು ಯಾರು ಗೊತ್ತುಂಟಾ ಎಂದು ಪರಿಚಯ ಮಾಡಿದ.

“ಒಂದ್ ಹೊಯ್ದ್ ತೋರ್ಸಿ ಭಟ್ರೇ, ಇವ್ಕೆ ಗೊತ್ತಾಯ್ಲಿ,” ಎಂದು ಸೌಟು ಕೈಗೆ ಕೊಟ್ಟ. ನಾನು ಭಟ್ಟನಲ್ಲ. ಕಾವಲಿಯವನಿಗೆ ಹಾಗೆ ಕರೆಯುವುದು ಒಂದು ಮರ್ಯಾದೆ.

ಒಂದು ಹೊಯ್ದವನು ನಿಲ್ಲಿಸಲಿಲ್ಲ. ಗಿರಾಕಿಗಳ ಪ್ಲೇಟಿಗೆ ನನ್ನ ದೋಸೆ ಹೋಗುತ್ತಿತ್ತು. ಕೈ ಮರೆತಿರಲಿಲ್ಲ. ಅಷ್ಟರಲ್ಲಿ ತಮ್ಮ ತಲೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತ. ನಾನು ಈಗ ಮಾಡಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಸೌಟು ಕೆಳಗಿಟ್ಟು, ಹೊರಗೆ ಹೋಗಿ, ಸೀಟಿನ ಅಡಿಯಿಂದ ಸರಳು ತೆಗೆದು, ಈ ಬೈಂದೂರಿನವನೂ ಇವನ ಜನರೂ ನೋಡುತ್ತಿರುವಾಗ ಟ್ರೇಲರಿನ ಮೇಲೆ ಹತ್ತುವುದು. ಇದುವರೆಗೆ ನಾನು ಲಾರಿಯಲ್ಲಿ ಬಂದವನು ಎಂದು ಅವನಿಗೆ ಹೇಳಿರಲಿಲ್ಲ. ಊರಿಗೆ ಹೋಗುವ ದಾರಿಯಲ್ಲಿ ಇಳಿದೆ ಎಂದಿದ್ದೆ.

“ಚೈನ್ ಕಂಡ್ಯಾ ಅಣ್ಣ?” ಎಂದು ತಮ್ಮ ಮೆಲ್ಲಗೆ ಕೇಳಿದ.

“ಕಂಡೆ,” ಎಂದೆ.

ಮರೆತಿದ್ದರೆ ಅದು ಬೇರೆ ಮಾತಾಗಿರುತ್ತಿತ್ತು. ನಾನು ಮರೆತಿರಲಿಲ್ಲ.

ಬರೋಡಾ ದಾಟಿದ ಮೇಲೆ ಒಂದು ಕಡೆ ಮೇಲ್ಸೇತುವೆಗಾಗಿ ರಸ್ತೆ ಅಗೆದು, ಗಾಡಿಗಳನ್ನು ಪಕ್ಕದ ಮಣ್ಣಿನ ದಾರಿಗೆ ತಿರುಗಿಸಿದ್ದರು. ಗುಂಡಿಯಿಂದ ಗುಂಡಿಗೆ ಗಾಡಿ ಕುಪ್ಪಳಿಸುವಾಗ ನಾನು ಕಾಲಿನ ಅಡಿ ಹಲಗೆಯನ್ನೇ ನೋಡುತ್ತ ಕೂತಿದ್ದೆ. ಮುಂದೆ ಎಲ್ಲಾದರೂ ನಿಲ್ಲಿಸಲು ಹೇಳೋಣ, ಮೂತ್ರಕ್ಕೆಂದು ಹೇಳಿ ಇಳಿದು ನೋಡಿಬಿಡೋಣ ಎಂದುಕೊಂಡೆ. ಹೇಳಲಿಲ್ಲ. ಮತ್ತೆ ಟಾರು ರಸ್ತೆ ಹತ್ತಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮರ ಸೀಳಿದ ಸದ್ದು ಬಂತು. ತಮ್ಮ ಗಾಬರಿಯಲ್ಲಿ ಬ್ರೇಕು ಒತ್ತಿಬಿಡಲಿಲ್ಲ. ಒತ್ತಿದ್ದರೆ ಕಾಯಿಲ್ ನಮ್ಮಿಬ್ಬರ ಮೇಲೆ ಬರುತ್ತಿತ್ತು. ವೇಗ ಇಳಿಸುತ್ತ ಇಳಿಸುತ್ತ ಬದಿಗೆ ತಂದು ನಿಲ್ಲಿಸಿದ. ಆ ಬದಿ ಸ್ವಲ್ಪ ಇಳಿಜಾರು. ಬೇರೆ ಜಾಗವಿರಲಿಲ್ಲ.

ಇಳಿದು ನೋಡಿದರೆ ಮುಂದಿನ ಕಡೆಯ ಬೆಣೆ ಹೊರಗೆ ಬಿದ್ದಿತ್ತು. ಹಿಂದಕ್ಕೆ ಎಳೆದ ಸರಪಳಿ ಜೋತುಬಿದ್ದಿತ್ತು. ನಾನು ಹತ್ತಲು ಹೋದೆ. ಹಿಂದಿನ ದಿನವಷ್ಟೇ, ವರ್ಷಗಟ್ಟಲೆ ಕಾವಲಿಯ ಮುಂದೆ ನಿಂತು ಊದಿಕೊಂಡ ನನ್ನ ಕಾಲು ನೋಯುತ್ತಿದೆ ಎಂದು ಅವನ ಹತ್ತಿರ ಹೇಳಿದ್ದೆ.

“ನೀನ್ ಕೆಳ್ಗೇ ಇರ್. ಕಾಲ್ ನೋವ್ ಅಂದಿದ್ಯಲೆ,” ಎಂದು ಅವನೇ ಹತ್ತಿದ.

ಬೆಣೆಯನ್ನು ಮತ್ತೆ ಕೂರಿಸಿ, ಆಮೇಲೆ ಲಿವರ್ ಎಳೆಯುವ ಎಣಿಕೆ ಅವನದು. ಕ್ರೇನು ಬರುವವರೆಗೆ ಯಾರೂ ಕಾಯಿಲ್‌ನ ಮುಂದೆ ನಿಲ್ಲಬಾರದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು, ಕಾಯಿಲ್ ರಸ್ತೆಗೆ ಬಿದ್ದರೆ ಇನ್ನೊಬ್ಬರ ಜೀವ ಹೋಗುತ್ತದೆಂದು ಅವಸರ ಮಾಡಿದ. ಕಾಯಿಲ್ ಒಂದು ಗೇಣು ಸರಿಯಿತು. ಒಂದೇ ಗೇಣು. ಅವನ ಕಾಲು ಅದಕ್ಕೂ ಮರದ ತುಂಡಿಗೂ ನಡುವೆ ಇತ್ತು.

ಹೈಡ್ರಾ ಕ್ರೇನು ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಯಾರೋ ನೀರು ತಂದರು, ಯಾರೋ ಛತ್ರಿ ಹಿಡಿದರು. ಅವನು ಕೂಗುವುದನ್ನು ನಿಲ್ಲಿಸಿದ ಮೇಲೆ ಒಂದು ಮಾತು ಹೇಳಿದ.

“ಲೋಡಿಂಗಗೆ ನಾನ್ ಸಮಾ ಎಳೀಲಿಲ್ಲ ಅಂದ್ ಕಾಣತ್ತ್, ಅಣ್ಣ.”

ಆಗಲೇ ಬಾಯಿ ಬಿಡಬೇಕಿತ್ತು. ಸುಮ್ಮನಿರು, ಮಾತಾಡಬೇಡ ಎಂದು ಅವನ ಹಣೆ ಒತ್ತಿದೆ.

ಆಸ್ಪತ್ರೆಯಲ್ಲಿ ಕಾಲು ತೆಗೆದರು. ಪೊಲೀಸರು ಕೇಳಿದಾಗಲೂ, ಗಾಡಿಯ ಮಾಲೀಕರ ಕಡೆಯವರು ಕೇಳಿದಾಗಲೂ ತಮ್ಮ ಅದನ್ನೇ ಹೇಳಿದ: ಕಟ್ಟಿದ್ದು ನಾನು, ದಾರಿಯಲ್ಲಿ ಅಣ್ಣ ನೋಡಿದ್ದಾನೆ, ಆದ್ದರಿಂದ ಮೊದಲ ಕಟ್ಟೇ ತಪ್ಪಿರಬೇಕು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಕೇಳಿದಾಗ ನೋಡಿದೆ ಎಂದೆ. ಒಮ್ಮೆ ಹೇಳಿದ್ದನ್ನು ಎಲ್ಲರ ಎದುರು ಮತ್ತೆ ಹೇಳಿದ ಮೇಲೆ ಅದು ಗಟ್ಟಿಯಾಗಿಬಿಟ್ಟಿತು. ಆ ಡ್ರೈವರನಿಗೆ ಕಟ್ಟಲು ಬರುವುದಿಲ್ಲ ಎಂಬ ಮಾತು ಯಾರ್ಡಿನಲ್ಲಿ ಹಬ್ಬಿತು. ನಾನು ಮತ್ತೆ ನವರಂಗಪುರಕ್ಕೆ ಹೋಗಿ ಬೇರೊಂದು ಹೋಟೆಲಿನ ಕಾವಲಿ ಹಿಡಿದೆ. ರಜೆಯ ದಿನ ರೈಲಿನಲ್ಲಿ ಉಧ್ನಾಕ್ಕೆ ಹೋಗಿ ಬರುತ್ತಿದ್ದೆ.

ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಅವನ ಮಗಳು “ಮೋಟಾ ಪಪ್ಪಾ ಆವ್ಯಾ” ಎಂದು ಒಳಗೆ ಹೇಳುತ್ತಾಳೆ. ದೊಡ್ಡಪ್ಪ ಎಂಬುದು ಅವಳ ಬಾಯಲ್ಲಿ ಗುಜರಾತಿಯಾಗಿಯೇ ಬರುತ್ತದೆ. ತಮ್ಮನ ಹೆಂಡತಿ ಸೀರೆಗಳಿಗೆ ಲೇಸು ಹೊಲಿಯುವ ಕೆಲಸ ಮನೆಗೇ ತಂದುಕೊಂಡಿದ್ದಳು. ಕೋಣೆಯ ತುಂಬ ಲೇಸಿನ ಸುರುಳಿಗಳು. ರಟ್ಟಿನ ಕೊಳವೆಗೆ ಸುತ್ತಿದ ಸುರುಳಿ, ನಡುವೆ ತೂತು. ಒಂದು ದಿನ ಹೋದಾಗ ತಮ್ಮ ಮಂಚದ ಮೇಲೆ ಕೂತು ಒಂದು ಮಣೆಯ ಮೇಲೆ ಆ ಸುರುಳಿಯನ್ನು ನಿಲ್ಲಿಸಿ, ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನ ಮುರಿದ ಚೂರುಗಳನ್ನು ಬೆಣೆಯಾಗಿ ಕೊಟ್ಟು, ತೂತಿನಲ್ಲಿ ದಾರ ಹಾಯಿಸಿ ಮಣೆಗೆ ಹೊಡೆದ ಮೊಳೆಗಳಿಗೆ ಕಟ್ಟುತ್ತಿದ್ದ. ಕಟ್ಟಿ ಮಣೆಯನ್ನು ಮುಂದಕ್ಕೆ ಬಗ್ಗಿಸುವುದು, ಅಲ್ಲಾಡಿಸುವುದು. ಸುರುಳಿ ಕದಲುತ್ತಿರಲಿಲ್ಲ. ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

“ನೀವ್ ಬಂದ್ ದಿನ ಆದ್ರೂ ಅದನ್ನ್ ಕೆಳಗಿಡೂಕ್ ಹೇಳಿ ಭಾವ,” ಎಂದಳು ಅವನ ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. “ಲೇಸ್ ಕೊಳೆ ಆತ್ ಅಂದ್ರೆ ಕೇಂತಿಲ್ಲ.”

ಅವನು ಆಟವಾಡುತ್ತಿರಲಿಲ್ಲ. ಆ ದಿನ ತಾನು ಕಟ್ಟಿದ್ದರಲ್ಲಿ ತಪ್ಪು ಎಲ್ಲಿತ್ತು ಎಂದು ಹುಡುಕುತ್ತಿದ್ದ. ಎಡಗಡೆಯ ಕೊಕ್ಕೆ ಪೂರ್ತಿ ಕೂತಿರಲಿಲ್ಲವೋ, ಬೆಣೆಯ ಮರ ಹಸಿಯಿತ್ತೋ, ಕ್ರೇನಿನವನು ಅವಸರ ಮಾಡಿದ್ದರಿಂದ ಟೈರಿನ ತುಂಡು ಓರೆಯಾಗಿತ್ತೋ. ಪ್ರತಿ ಸಲವೂ ನನ್ನ ಹತ್ತಿರ ಹೊಸ ಅನುಮಾನ ಹೇಳುತ್ತಿದ್ದ. ನಾನು ಹ್ಞೂಂ ಎನ್ನುತ್ತಿದ್ದೆ. ಒಮ್ಮೆಯಂತೂ, ಇರಬಹುದು, ಆ ಮರ ಹಸಿಯೇ ಇದ್ದಿರಬಹುದು ಎಂದೂ ಹೇಳಿದೆ. ಅವನ ಕಾಲು ಹೋದ ದಿನಕ್ಕಿಂತ ಆ ಮಾತು ಹೇಳಿದ ದಿನ ನಾನು ಹೆಚ್ಚು ಕೀಳಾದೆ ಎಂದು ಈಗ ಅನ್ನಿಸುತ್ತದೆ.

ಕಳೆದ ವರ್ಷ ಯಾರ್ಡಿನಿಂದ ಲೋಡಿಂಗ್ ನೋಡಿಕೊಳ್ಳುವ ಮುದುಕ ಮನೆಗೆ ಬಂದ. ತಮ್ಮನನ್ನು ಮೊದಲಿನಿಂದ ಬಲ್ಲವನು, ಜನರ ಮಾತನ್ನು ನಂಬದವನು. ಹೊಸ ಹುಡುಗರಿಗೆ ಸರಪಳಿ ಹಾಕುವುದೇ ತಿಳಿಯದು, ನೀನು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂತು, ಹೊರಗೆ ಹೋಗುವ ಗಾಡಿಗಳ ಕಟ್ಟು ನೋಡಿ ಬಿಟ್ಟರೆ ಸಾಕು, ಮಾಲೀಕರನ್ನು ನಾನು ಒಪ್ಪಿಸುತ್ತೇನೆ ಎಂದ. ನಾನು ಅಂದು ಅಲ್ಲೇ ಇದ್ದೆ. ತಮ್ಮನ ಹೆಂಡತಿ ಯಂತ್ರ ನಿಲ್ಲಿಸಿ ಗಂಡನ ಮುಖ ನೋಡಿದಳು. ತಮ್ಮ ಮಣೆಯನ್ನು ಬದಿಗೆ ಸರಿಸಿದ. ಹಿಂದಿಯಲ್ಲಿ, ನನ್ನ ಕಟ್ಟಿನ ತಪ್ಪೇ ನನಗೆ ಕಾಣುವುದಿಲ್ಲ, ಇನ್ನೊಬ್ಬರದನ್ನು ನೋಡಿ ಸರಿ ಎಂದು ಹೇಗೆ ಕಳಿಸಲಿ, ಯಾರದಾದರೂ ಜೀವ ಹೋದರೆ ಎಂದ. ಮುದುಕ ಒತ್ತಾಯ ಮಾಡಿದ. ನನ್ನ ಕಡೆ ತಿರುಗಿ, ನೀನಾದರೂ ಹೇಳು ಎಂದ.

ಯೋಚನೆ ಮಾಡಲಿ, ಅವಸರವಿಲ್ಲ ಎಂದೆ ನಾನು.

ಬರೋಡಾದ ನಿಜ ಹೇಳಿದ್ದರೆ ಅವನು ಅಂದೇ ಕುರ್ಚಿಗೆ ಹೋಗುತ್ತಿದ್ದ. ನನಗೆ ಗೊತ್ತಿತ್ತು. ಹೇಳಿದರೆ ಉಧ್ನಾದ ಆ ಕೋಣೆಯಲ್ಲಿ ನನಗೆ ಜಾಗವಿರುವುದಿಲ್ಲ ಎಂಬುದೂ ಗೊತ್ತಿತ್ತು. ನನಗೆ ಇರುವುದು ಅದೊಂದೇ ಕೋಣೆ. ಮುದುಕ ಮತ್ತೊಮ್ಮೆ ಫೋನು ಮಾಡಿದ, ತಮ್ಮ ಮತ್ತೆ ಬೇಡ ಎಂದ. ಆಮೇಲೆ ಆ ಕುರ್ಚಿಗೆ ಬೇರೆ ಯಾರನ್ನೋ ತಂದರು. ಮುದುಕನೂ ಕೆಲಸ ಬಿಟ್ಟು ತನ್ನ ಊರಿಗೆ ಹೋದ.

ಅದು ತಿಳಿದ ಮೇಲೆ ನಾನು ಹೇಳಿದ್ದು. ಹೇಳುವುದರಿಂದ ಯಾರಿಗೂ ಏನೂ ಆಗದ ಹೊತ್ತಿಗೆ ನನಗೆ ಧೈರ್ಯ ಬಂತು. ಹೋದ ತಿಂಗಳ ಒಂದು ಸಂಜೆ. ಮಗಳು ಟ್ಯೂಷನ್ನಿಗೆ ಹೋಗಿದ್ದಳು. ತಮ್ಮ ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರ ಬಿಗಿಯುತ್ತಿದ್ದ.

“ಇದ್ರಗೆ ತಪ್ಪ್ ಸಿಕ್ತೇ ಇಲ್ಲ ಅಣ್ಣ,” ಎಂದ. “ನಾನ್ ಎಂತದೋ ಮರ್ತಿದ್ದೆ. ಅದ್ ಎಂತ ಅಂದೇ ನೆನ್ಪಾತಿಲ್ಲ.”

“ತಪ್ಪ್ ಅಲ್ಲಿ ಇಲ್ಲ,” ಎಂದೆ. “ಬರೋಡದಗೆ ನಾನ್ ಚೈನ್ ಕಾಣ್ಲಿಲ್ಲ.”

ಹೊಲಿಗೆ ಯಂತ್ರ ನಿಂತಿತು. ತಮ್ಮನಿಗೆ ನಾನು ಹೇಳಿದ್ದು ಕೂಡಲೇ ಒಳಗೆ ಹೋಗಲಿಲ್ಲ. ಕೆಲಸದವನು ಕೇಳುವ ಹಾಗೆ ಕೇಳಿದ.

“ಯಾವ್ದ್, ಹಿಂದಿಂದಾ?”

“ನಾಲ್ಕೂ. ಗಾಡಿ ಹತ್ರವೇ ಹೋಗ್ಲಿಲ್ಲ.”

“ಕಂಡೆ ಅಂದಿದ್ಯಲೆ.”

“ಸುಳ್ಳ್ ಹೇಳಿದ್ದ್. ದೋಸೆ ಹೊಯ್ತಿದ್ದೆ. ಅವ್ರ ಎದ್ರಿಗೆ ಗಾಡಿ ಹತ್ತೂಕೆ ನಾಚ್ಕಿ ಆಯ್ತ್.”

ಅವನು ದಾರವನ್ನು ಬೆರಳಿನಿಂದ ಬಿಚ್ಚಿದ. ಕ್ಲಿಪ್ಪಿನ ಚೂರುಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟ. ಲೇಸಿನ ಸುರುಳಿಯನ್ನು ಹೆಂಡತಿಯ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಕೇಳಿದ್ದು ಒಂದೇ.

“ಆ ಗೇಟಿನ್ ಕೆಲ್ಸಕ್ಕೆ ಜನ ಬಂದಾಯ್ತ್, ಅಲ್ದಾ?”

ಹೌದು ಎಂದೆ.

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಮ್ಮ ಮನೆಗಳಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿಲ್ಲ. ಹಣ್ಣು ತಂದು ಮಗುವಿನ ಕೈಗೆ ಕೊಡುತ್ತಾರೆ, ಊಟಕ್ಕೆ ಏಳು ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮಂಚದ ಪಕ್ಕ ನೆಲದ ಮೇಲೆ ಕೂತು, ಅವನ ಬೆನ್ನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

“ನಿನ್ ಕಟ್ಟ್ ಸಮಾ ಇತ್ತ್. ಕಾಣದೇ ಕಂಡೆ ಅಂದವ ನಾನ್, ಇಷ್ಟ್ ವರ್ಷ ಬಾಯ್ ಮುಚ್ಚಿ ಕೂತವನೂ ನಾನೇ. ನಂದ್ ತಪ್ಪಾಯ್ತ್, ತಮ್ಮ.”